ಎಮ್ಮೆಬಂಡೆಯ ಮೂಡಕ್ಕೆ

ಕೆರೆ ಹೋಯಿತು ಎಂದು ಚಿಕ್ಕಪ್ಪ ಫೋನ್ ಮಾಡಿದಾಗ ನಾನು ಹಾಸನದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪೇಪರು ತಿದ್ದುತ್ತಿದ್ದೆ. ಏರಿ ಒಡೆಯಿತೇ ಎಂದು ಕೇಳಿದೆ. ನಮ್ಮ ಕಡೆ ಕೆರೆ ಹೋಗುವುದೆಂದರೆ ಏರಿ ಒಡೆಯುವುದು. ಇನ್ನೊಂದು ರೀತಿಯಲ್ಲಿ ಕೆರೆ ಹೋದದ್ದನ್ನು ನಾನು ಕೇಳಿರಲಿಲ್ಲ.

"ಏರಿ ನೆಟ್ಟಗದೆ, ತೂಬೂ ನೆಟ್ಟಗದೆ. ನೀರ್ ನಿಲ್ತಿಲ್ಲ ಅಷ್ಟೆ," ಎಂದರು. "ಬಚ್ಚಲ ತೂತಲ್ಲಿ ಓಯ್ತದಲ್ಲ, ಅಂಗೆ ಸುತ್ಕಂಡ್ ಓಯ್ತಾ ಐತೆ. ನೋಡೋ ಆಸೆ ಇದ್ರೆ ಇವತ್ತೇ ಬಾ. ನಾಳೆ ಬಂದ್ರೆ ಬರೀ ಕೆಸರು."

ಈ ಮಾತುಗಳನ್ನು ಅದೇ ಸಂಜೆ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದರಿಂದ ಇಲ್ಲಿ ಧೈರ್ಯವಾಗಿ ಹಾಕಿದ್ದೇನೆ. ಡೈರಿಯಲ್ಲಿ ಇಲ್ಲದ ಮಾತುಗಳೂ ಮುಂದೆ ಬರುತ್ತವೆ. ಅವುಗಳ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ. ಯಾಕೆ ಇಲ್ಲ ಎನ್ನುವುದೇ ನಾನು ಬರೆಯಬೇಕಾಗಿರುವುದು.

ಮರುದಿನ ಶನಿವಾರ. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ, ಹಳ್ಳಿಮೈಸೂರಿನ ರಸ್ತೆಯಲ್ಲಿ ನಮ್ಮೂರ ಗೇಟಿನಲ್ಲಿ ಇಳಿಯುವಾಗ ಹತ್ತು ಗಂಟೆ ದಾಟಿತ್ತು. ಚಿಕ್ಕಪ್ಪ ಹೇಳಿದ ಹಾಗೆ ಬರೀ ಕೆಸರು. ಹದಿನೈದು ದಿನಗಳ ಹಿಂದೆ ಇದೇ ಕೆರೆ ಕೋಡಿ ಬಿದ್ದಿತ್ತು. ಎಷ್ಟೋ ವರ್ಷದ ಮೇಲೆ ತುಂಬಿತೆಂದು ಊರ ಹೆಂಗಸರೆಲ್ಲ ಮೊರದಲ್ಲಿ ಬಾಗಿನ ಇಟ್ಟು ನೀರಿಗೆ ಬಿಟ್ಟಿದ್ದರು. ಚಿಕ್ಕಮ್ಮನ ಮೊರವೂ ಅದರಲ್ಲಿತ್ತು. ಈಗ ನೀರಿದ್ದ ಜಾಗವೆಲ್ಲ ಬೂದು ಬಣ್ಣದ ಮೆತ್ತನೆಯ ನೆಲ. ಅಲ್ಲಲ್ಲಿ ಬೆಳ್ಳಕ್ಕಿಗಳು, ಮೊಣಕಾಲುದ್ದದ ಕೆಸರಿನಲ್ಲಿ ಬುಟ್ಟಿ ಹಿಡಿದು ಮೀನು ಹೆಕ್ಕುವ ಜನ. ನಡುವೆ, ಮಲಗಿದ ಎಮ್ಮೆಯ ಹಾಗಿರುವ ಎಮ್ಮೆಬಂಡೆ. ಅದರ ಮೂಡಣ ಮಗ್ಗುಲಿನಲ್ಲಿ ಎತ್ತಿನಗಾಡಿ ಇಳಿಯುವಷ್ಟು ಅಗಲದ ಗುಂಡಿ. ಗುಂಡಿಯ ಅಂಚಿನಲ್ಲಿ ಬಾಗಿನದ ಮೊರಗಳು ಒಂದರ ಮೇಲೊಂದು ಸಿಕ್ಕಿಕೊಂಡಿದ್ದವು. ಕೆಸರಿನಲ್ಲಿ ಹಸಿರು ಬಳೆಗಳನ್ನೂ ನೋಡಿದೆ ಎಂದು ನನ್ನ ನೆನಪು. ಏರಿಯ ಮೇಲಿನಿಂದ ಬಳೆ ಕಾಣುವುದು ಸಾಧ್ಯವೇ ಇಲ್ಲ. ಬಹುಶಃ ಚಿಕ್ಕಮ್ಮ ಹೇಳಿದ್ದು.

ಗುಂಡಿ ಹೊಸದಲ್ಲ. ಕೆರೆಯ ಪಕ್ಕದ ಗುಡ್ಡದಲ್ಲಿ ಬಳಪದ ಕಲ್ಲಿದೆ. ತಾತಂದಿರ ಕಾಲದಲ್ಲಿ ಯಾರೋ ಬಂದು ಅದನ್ನು ತೆಗೆಯುತ್ತಿದ್ದರಂತೆ. ಕಲ್ಲಿನ ಪದರ ಹಿಡಿದುಕೊಂಡು ಗುಡ್ಡದೊಳಗೆ ಸುರಂಗ ಹೊಡೆದು, ಕೆರೆ ಒಣಗಿದ್ದ ವರ್ಷಗಳಲ್ಲಿ ಕೆರೆಯಂಗಳದಲ್ಲೂ ಒಂದು ಗುಂಡಿ ಇಳಿಸಿ ಸುರಂಗಕ್ಕೆ ಸೇರಿಸಿದ್ದರಂತೆ. ಅವರು ಹೋದ ಮೇಲೆ ಗುಂಡಿಯ ಬಾಯಿಗೆ ಚಪ್ಪಡಿ ಹಾಸಿ, ಮೇಲೆ ಜೇಡಿಮಣ್ಣು ಹಾಕಿ, ಎಮ್ಮೆಗಳಿಂದ ತುಳಿಸಿ ಗಟ್ಟಿ ಮಾಡಿದವರು ನೀರುಗಂಟಿಯ ಮನೆಯವರು. ತೂಬು ತೆಗೆದು ಮುಚ್ಚುವುದು, ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವುದು ನೀರುಗಂಟಿಯ ಕೆಲಸ. ನಮ್ಮೂರಲ್ಲಿ ಅದು ಒಂದೇ ಮನೆಯಲ್ಲಿ ಅಪ್ಪನಿಂದ ಮಗನಿಗೆ ಬಂದಿದೆ. ಈಗಿರುವವರಿಗೆ ಅರವತ್ತೈದು ದಾಟಿದೆ. ತೂಬು ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಯಾವಾಗಲೂ ಅವರ ಹೆಗಲ ಮೇಲೆ ಇರುತ್ತದೆ, ಮದುವೆ ಮನೆಗೆ ಬಂದರೂ. ನಮ್ಮ ಮನೆಯಲ್ಲಿ ಮಕ್ಕಳೂ ಅವರನ್ನು ಏಕವಚನದಲ್ಲಿ ಕೂಗುತ್ತಿದ್ದೆವು. ಕೆಲಸಕ್ಕೆ ಸೇರಿದ ಮೇಲೆ ನಾನು 'ನೀವು' ಎನ್ನಲು ಶುರು ಮಾಡಿದೆ. ಅದರಿಂದ ಅವರಿಗಿಂತ ನನಗೇ ಹೆಚ್ಚು ಸಮಾಧಾನವಾಗಿರಬೇಕು.

ಎರಡು ಬೇಸಿಗೆಗಳ ಹಿಂದೆ ಊರವರು ಕೆರೆಯ ಹೂಳು ತೆಗೆಸಿದರು. ಅರಕಲಗೂಡಿನಿಂದ ಜೇಸಿಬಿ ಬಂತು. ಹೂಳನ್ನು ಹೊಲಕ್ಕೆ ಹೊಡೆಸಿಕೊಳ್ಳಲು ಟ್ರ್ಯಾಕ್ಟರುಗಳು ಸಾಲು ನಿಂತವು. ಗಣಿ ಗುಂಡಿಯ ಹತ್ತಿರ ಮಾತ್ರ ಜೇಸಿಬಿ ಕೈಯಿಡಬಾರದು ಎಂಬುದು ಎಲ್ಲರಿಗೂ ಗೊತ್ತಿತ್ತು. ಗುಂಡಿ ಎಲ್ಲಿದೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದರ ಬಾಯಿ ಕೊನೆಯ ಸಲ ತೆರೆದದ್ದು ನಾನು ಚಿಕ್ಕವಳಾಗಿದ್ದಾಗ, ಒಂದು ಒಣ ವರ್ಷದಲ್ಲಿ. ಒಳಗೆ ನೀರೇನಾದರೂ ನಿಂತಿದೆಯೇ ನೋಡೋಣವೆಂದು ಯಾರೋ ಚಪ್ಪಡಿ ಸರಿಸಿದ್ದರು. ಮಳೆ ಬರುವ ಮುಂಚೆ ಈಗಿನ ನೀರುಗಂಟಿಯ ಅಪ್ಪ ಮತ್ತೆ ಮುಚ್ಚಿದ್ದರು. ಎಮ್ಮೆಬಂಡೆಯ ಪಕ್ಕದಲ್ಲಿ ಎಂಬುದರಲ್ಲಿ ಅನುಮಾನವಿರಲಿಲ್ಲ. ಯಾವ ಪಕ್ಕ ಎಂಬುದೇ ಪ್ರಶ್ನೆ.

ಬಂಡೆಯ ಹತ್ತಿರ ಅಗೆಯುವ ಮುಂಚಿನ ಭಾನುವಾರ ನಾನು ಊರಿನಲ್ಲಿದ್ದೆ. ಏರಿಯ ಮೇಲೆ ಗಂಗಮ್ಮನ ಗುಡಿಯ ಹತ್ತಿರ ನೀರುಗಂಟಿ ಕೂತು ಕಡ್ಡಿಗಳ ತುದಿಗೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದರು. ಕಡ್ಡಿ ನೆಟ್ಟ ಜಾಗ ಬಿಟ್ಟು ಮಿಕ್ಕಲ್ಲಿ ಅಗೆಯಬಹುದು ಎಂದು ಜೇಸಿಬಿಯವನಿಗೆ ಹೇಳಿಯಾಗಿತ್ತು.

"ನಮ್ಮಪ್ಪ ಮೂಡ್ಕೆ ಅಂತಿದ್ದ ಕಣವ್ವಾ," ಎಂದರು. "ನಾ ಕಣ್ಣಲ್ಲಿ ಕಂಡಿಲ್ಲ. ಅದ ಮುಚ್ಚಿದ್ ವರ್ಸ ನಾ ಕೊಡಗ್ನಲ್ಲಿ ಕಾಪಿ ತ್ವಾಟದಲ್ಲಿದ್ದೆ."

"ನಾನು ನೋಡಿದ್ದೀನಿ," ಎಂದೆ. "ಬಂಡೆಯ ಎಡಕ್ಕೆ. ನಾವು ಅದರೊಳಗೆ ಕಲ್ಲು ಹಾಕಿ, ತಳ ಮುಟ್ಟೋವರೆಗೂ ಎಣಿಸ್ತಿದ್ವಿ."

ಎಡಗೈ ಚಾಚಿ ತೋರಿಸಿದೆ. ನಮ್ಮ ಕೆರೆಯ ಏರಿ ತೆಂಕಣ ದಿಕ್ಕಿನಲ್ಲಿದೆ. ಏರಿಯ ಮೇಲೆ ನಿಂತು ಕೆರೆಗೆ ಮುಖ ಮಾಡಿದರೆ ಎಡಗೈ ಪಡುವಣಕ್ಕೆ ಬರುತ್ತದೆ.

"ಅದು ಪಡುವ್ಲಾಯ್ತಲ್ಲವ್ವಾ."

"ಹೌದು, ಪಡುವಲೇ."

ಅವರು ಸ್ವಲ್ಪ ಹೊತ್ತು ಬಂಡೆಯನ್ನು ನೋಡಿದರು. "ಓದಿರೋರು, ನಿಮ್ಗೆ ಗೆಪ್ತಿ ಇರ್ತದೆ," ಎಂದು ಕಡ್ಡಿಗಳನ್ನು ಕಂಕುಳಿಗೆ ಸೇರಿಸಿಕೊಂಡು ಏರಿ ಇಳಿದರು. ಪಡುವಣದ ಮಗ್ಗುಲಿನಲ್ಲಿ ಕೆಂಪು ಬಟ್ಟೆಗಳು ನಿಂತವು. ಮೂಡಣದಲ್ಲಿ ಜೇಸಿಬಿ ಎರಡಾಳುದ್ದ ಅಗೆಯಿತು. ಆ ಕಡೆಯ ಜೇಡಿಮಣ್ಣು ಬಹಳ ಚೆನ್ನಾಗಿದೆಯೆಂದು ಜನ ಅದಕ್ಕೇ ಮುಗಿಬಿದ್ದರಂತೆ. ಒಳ್ಳೆಯ ಜೇಡಿ ಅಲ್ಲಿ ಯಾಕಿತ್ತು ಎಂದು ಯಾರೂ ಯೋಚಿಸಲಿಲ್ಲ. ಹೋದ ವರ್ಷ ಕೆರೆ ಅರ್ಧ ತುಂಬಿತು, ಏನೂ ಆಗಲಿಲ್ಲ. ಈ ವರ್ಷ ಪೂರ್ತಿ ತುಂಬಿತು. ನೀರಿನ ಭಾರಕ್ಕೆ ಚಪ್ಪಡಿ ತಡೆಯಲಿಲ್ಲ.

ಆ ಶನಿವಾರ ಏರಿಯ ಮೇಲೆ ಮೂವತ್ತು ನಲವತ್ತು ಜನ ಸೇರಿದ್ದರು. ನೀರುಗಂಟಿ ಗುಡಿಯ ಕಲ್ಲಿಗೆ ಒರಗಿ ನಿಂತಿದ್ದರು. ಚಿಕ್ಕಪ್ಪ ಅವರ ಮುಂದೆ ನಿಂತು ಕೂಗುತ್ತಿದ್ದರು. ಕೆರೆಯ ಕೆಳಗೆ ಚಿಕ್ಕಪ್ಪನ ಗದ್ದೆಯಿದೆ, ನಾಟಿ ಹಾಕಿ ತಿಂಗಳೂ ಆಗಿರಲಿಲ್ಲ.

"ಕಡ್ಡಿ ನೆಟ್ಟೋನ್ ಯಾರ್ಲಾ? ನೀನೇ ಅಲ್ವಾ?"

"ನಾನೇ ಕಣಪ್ಪೋ."

"ಮೂಡ್ಕಿರೋ ಗುಂಡಿಗೆ ಪಡುವ್ಲಲ್ಲಿ ನೆಟ್ಟಿದ್ದೀಯಲ್ಲ, ಕುಡ್ದಿದ್ಯಾ ಅವತ್ತು?"

"ಕುಡ್ದಿರ್ಲಿಲ್ಲ."

"ನಿಮ್ಮಪ್ಪ ಮುಚ್ಚಿದ್ ಗುಂಡಿ ನಿಂಗೇ ಗೊತ್ತಿಲ್ಲ ಅಂದ್ರೆ ಇನ್ಯಾರ್ಗ್ಲಾ ಗೊತ್ತಿರ್ತದೆ?"

ಅವರು ತಲೆ ಎತ್ತಿದರು. ಅವರ ಕಣ್ಣು ಒಂದು ಸಲ ನನ್ನ ಮೇಲೆ ಬಂದು, ಮುಂದಕ್ಕೆ ಹೋಯಿತು.

ಗುಡ್ಡದ ಆಚೆ ಬದಿಯಲ್ಲಿ ಜಮೀನಿರುವ ಒಬ್ಬ, ಸತ್ತು ಹೋಗಿದ್ದ ತನ್ನ ಬೋರ್‌ವೆಲ್ಲಿನಲ್ಲಿ ಬೆಳಿಗ್ಗೆಯಿಂದ ನೀರು ಬರುತ್ತಿದೆ ಎಂದ. "ಗಂಗಮ್ಮ ತಲೆಬಾಗ್ಲಲ್ಲಿ ಬತ್ತೀನಿ ಅಂದ್ಲು, ನೀವು ಇಟ್ಕಳ್ಳಿಲ್ಲ. ಇತ್ಲು ಬಾಗ್ಲಿಂದ ಬಂದವ್ಳೆ ಕಣ್ರಲಾ ನಮ್ಮನೇಗೆ." ಒಂದಿಬ್ಬರು ನಕ್ಕರು. ಚಿಕ್ಕಪ್ಪ ತಿರುಗಿ ನೋಡಿದರು.

"ಮುಂದಿನ್ ಬಾನ್ವಾರ ಇಲ್ಲೇ ಎಲ್ರೂ ಸೇರಾಣ," ಎಂದರು ಚಿಕ್ಕಪ್ಪ. "ಅವತ್ತು ಆ ಹ್ಯಾಂಡಲ್ ಇಳ್ಸ್ಬುಡ್ಲಿ. ತೂಬ ಬೇರೆಯೋರ್ ನೋಡ್ಕತ್ತಾರೆ."

ಹ್ಯಾಂಡಲ್ ಇಳಿಸುವುದೆಂದರೆ ಏನು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆ ಮನೆಯವರಿಗೆ ಊರಿನಲ್ಲಿ ಇದ್ದ ಹೆಸರು ಅದೊಂದೇ. ನಾನು ಬಾಯಿ ಬಿಡಲಿಲ್ಲ. ಗದ್ದಲದಲ್ಲಿ ಹೇಳಿ ಪ್ರಯೋಜನವಿಲ್ಲ, ಮನೆಯಲ್ಲಿ ಚಿಕ್ಕಪ್ಪನಿಗೆ ನಿಧಾನವಾಗಿ ಹೇಳೋಣ ಎಂದುಕೊಂಡೆ. ಮನೆಯಲ್ಲೂ ಹೇಳಲಿಲ್ಲ. ಹಾಸನಕ್ಕೆ ವಾಪಸು ಬರುವ ಬಸ್ಸಿನಲ್ಲಿ, ಅವತ್ತು ನಾನು 'ಎಡಕ್ಕೆ ಇರಬೇಕು' ಎಂದೆನೇ ಹೊರತು 'ಎಡಕ್ಕೆ' ಎನ್ನಲಿಲ್ಲ ಎಂದು ಅನಿಸತೊಡಗಿತು. ಸ್ಪಷ್ಟವಾಗಿ ಅನಿಸತೊಡಗಿತು. ನನ್ನ ದನಿ, ಆ 'ಇರಬೇಕು', ಅದನ್ನು ಹೇಳುವಾಗ ಸ್ವಲ್ಪ ತಡೆದದ್ದು, ಎಲ್ಲವೂ ಕೇಳಿಸಿತು. ಇರಬೇಕು ಎಂದವಳದ್ದು ಏನು ತಪ್ಪು? ಖಚಿತ ಮಾಡಿಕೊಳ್ಳುವುದು ಕಡ್ಡಿ ನೆಡುವವರ ಕೆಲಸ.

ಮನೆಗೆ ಬಂದು ಹೂಳು ತೆಗೆಸಿದ ವರ್ಷದ ಡೈರಿ ತೆಗೆದೆ. ನನ್ನ ಪರವಾಗಿ ಸಾಕ್ಷಿ ಹುಡುಕಲೆಂದೇ ತೆಗೆದದ್ದು. ಸಿಕ್ಕಿದ್ದು ಇದು: "ಇವತ್ತು ನನ್ನ ನೆನಪಿನಿಂದ ಊರಿಗೆ ಒಂದು ಉಪಯೋಗವಾಯಿತು. ಗಣಿ ಗುಂಡಿ ಬಂಡೆಯ ಎಡಕ್ಕಿದೆ ಎಂದು ಖಂಡಿತವಾಗಿ ಹೇಳಿದೆ. ನೀರುಗಂಟಿಗೆ ಅನುಮಾನವಿತ್ತು. ಒಪ್ಪಿಸಿದೆ."

ಖಂಡಿತವಾಗಿ. ನನ್ನದೇ ಅಕ್ಷರ. ಬಸ್ಸಿನಲ್ಲಿ ಕೇಳಿಸಿದ 'ಇರಬೇಕು' ಎಲ್ಲಿಂದ ಬಂತೋ ನನಗೆ ಇವತ್ತಿಗೂ ತಿಳಿದಿಲ್ಲ.

ಆದರೂ ಒಂದು ಅರ್ಥವಾಗಲಿಲ್ಲ. ಬಂಡೆಯ ಎಡಕ್ಕೆ ಗುಂಡಿ ಇದ್ದದ್ದನ್ನು ನಾನು ನಿಜವಾಗಿಯೂ ನೋಡಿದ್ದೆ. ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ತಮ್ಮನಿಗೆ ಫೋನ್ ಮಾಡಿದೆ. ನನಗಿಂತ ಒಂದೂವರೆ ವರ್ಷಕ್ಕೆ ಚಿಕ್ಕವನು. ಆಗ ನಮ್ಮ ಶಾಲೆ ಕೆರೆಯ ಬಡಗಣ ದಡದ ಊರಿನಲ್ಲಿತ್ತು, ಇಬ್ಬರೂ ಒಟ್ಟಿಗೆ ಹೋಗಿ ಬರುತ್ತಿದ್ದೆವು.

"ಗಣಿ ಗುಂಡಿಗೆ ಕಲ್ಲು ಹಾಕ್ತಿದ್ವಲ್ಲ, ನೆನಪಿದೆಯೇನೋ?"

"ಹಾಕ್ತಿದ್ವಲ್ಲ ಅಂತೀಯಲ್ಲ, ನೀನೆಲ್ಲಿ ಹಾಕಿದ್ದೆ?" ಎಂದ. "ನೀನು ಹತ್ರಕ್ಕೇ ಬಂದಿಲ್ಲ. ನಿಂಗೆ ಮೈಮೇಲೆ ಅಮ್ಮ ಎದ್ದು ಆಗ್ತಾನೇ ಇಳಿದಿತ್ತು. ಕೆರೆಗೆ ಇಳೀಬಾರ್ದು ಅಂತ ಅಜ್ಜಿ ಆಣೆ ಹಾಕ್ಸಿದ್ರು. ನೀನು ದಡದಲ್ಲಿ ಹೊಂಗೆ ಮರದ ಕೆಳಗೆ ನಮ್ಮ ಚೀಲ ಕಾಯ್ತಾ ಕೂತಿರ್ತಿದ್ದೆ."

"ಎಣಿಸಿದ್ದು ನಂಗೆ ಚೆನ್ನಾಗಿ ನೆನಪಿದೆ ಕಣೋ. ಐದಕ್ಕೆ ಸದ್ದು ಬರ್ತಿತ್ತು."

"ನಾವು ಮೇಲಕ್ಕೆ ಬಂದು ಹೇಳ್ತಿದ್ವಿ. ನೀನು ದಿನಾ ಎಷ್ಟು, ಎಷ್ಟು ಅಂತ ಪ್ರಾಣ ತಿಂತಿದ್ದೆ."

ಫೋನಿನಲ್ಲಿ ಮಾತಾಡುತ್ತಲೇ ನಾನು ಒಂದು ಹಾಳೆಯ ಮೇಲೆ ನನಗೆ ಕಾಣುವ ಹಾಗೆಯೇ ಗೀಚುತ್ತಿದ್ದೆ. ಬಂಡೆ. ಅದರ ಎಡಕ್ಕೆ ಗುಂಡಿ, ಸುತ್ತ ಬಗ್ಗಿ ನೋಡುವ ಹುಡುಗರು. ಬಂಡೆಯ ಹಿಂದೆ, ದೂರದಲ್ಲಿ, ಸಣ್ಣದಾಗಿ ಗಂಗಮ್ಮನ ಗುಡಿ.

ಗುಡಿ ಇರುವುದು ಏರಿಯ ಮೇಲೆ. ಏರಿಯ ಮೇಲೆ ನಿಂತವಳಿಗೆ ಗುಡಿ ಬಂಡೆಯ ಹಿಂದೆ ಕಾಣುವುದಿಲ್ಲ. ನಾನು ನೋಡಿದ್ದು ಎದುರು ದಡದಿಂದ, ಅಲ್ಲಿ ಕೂತವಳ ಎಡಗೈ ಮೂಡಣಕ್ಕೆ. ಮೂವತ್ತೆಂಟು ವರ್ಷ ಆ ಚಿತ್ರ ಒಂದಿಷ್ಟೂ ಕೆಟ್ಟಿರಲಿಲ್ಲ. ಅದನ್ನು ಹಿಡಿದುಕೊಂಡು ನಾನು ಕೆರೆಯ ಇನ್ನೊಂದು ಬದಿಯಲ್ಲಿ ಹೋಗಿ ನಿಂತಿದ್ದೆ. ತರಗತಿಯಲ್ಲಿ ನಾನು ಇತಿಹಾಸ ಹೇಳುವವಳು. ಒಂದು ದಾಖಲೆ ಸಿಕ್ಕರೆ ಮೊದಲು ಅದನ್ನು ಬರೆದವನು ಎಲ್ಲಿದ್ದ ಎಂದು ಕೇಳಿ ಎಂದು ಪ್ರತಿ ವರ್ಷ ಹೇಳುತ್ತೇನೆ.

ನಡೆದದ್ದನ್ನು ತಮ್ಮನಿಗೆ ಹೇಳಿದೆ. "ಸುಮ್ನಿರಕ್ಕ," ಎಂದ. "ಎರಡು ವಾರ ಕೂಗಾಡ್ತಾರೆ, ಆಮೇಲೆ ಎಲ್ಲರೂ ಮರೀತಾರೆ. ಚಿಕ್ಕಪ್ಪನ ಮುಖಕ್ಕೆ ಯಾಕೆ ಮಸಿ ಬಳೀತೀಯ?"

"ಹ್ಯಾಂಡಲ್ ಇಳಿಸ್ತಾರಂತೆ."

ಲಾರಿಗೆ ಕಾಯಿ ತುಂಬುವವರ ಕೂಗು ಕೇಳುತ್ತಿತ್ತು. "ಹಂಗಾದ್ರೆ ಅದು ಬೇರೆ ಮಾತು," ಎಂದ.

ಭಾನುವಾರ ಡೈರಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋದೆ. ಬಾಯಲ್ಲಿ ಹೇಳಲು ಹೊರಟರೆ ಮತ್ತೆ 'ಇರಬೇಕು' ಬಂದು ಸೇರಿಕೊಳ್ಳುತ್ತದೆ ಎಂದು ಭಯವಿತ್ತು. ಗುಡಿಯ ಮುಂದೆ ಹೋದ ವಾರದಷ್ಟೇ ಜನ. ನೀರುಗಂಟಿ ಹ್ಯಾಂಡಲನ್ನು ಆಗಲೇ ಹೆಗಲಿಂದ ಇಳಿಸಿ ಗುಡಿಯ ಮೆಟ್ಟಿಲ ಮೇಲೆ ಮಲಗಿಸಿದ್ದರು. ಒರೆಸಿ, ಎಣ್ಣೆ ಹಚ್ಚಿ ತಂದಿದ್ದರು.

ಚಿಕ್ಕಪ್ಪ ಮಾತು ತೆಗೆಯುವ ಮುಂಚೆಯೇ ನಾನು ಒಂದು ನಿಮಿಷ ಎಂದು ಡೈರಿ ಬಿಚ್ಚಿದೆ. ಆ ಮೂರು ಸಾಲನ್ನು ಓದಿದೆ. ಯಾವ ದಡದಲ್ಲಿ ಕೂತು ನೋಡಿದ್ದು, ಯಾವ ದಡದಲ್ಲಿ ನಿಂತು ತೋರಿಸಿದ್ದು ಎಂದು ಕೈ ಮಾಡಿ ಹೇಳಿದೆ. ನೀರುಗಂಟಿ ಮೂಡಣ ಎಂದೇ ಹೇಳಿದ್ದರು, ಒಪ್ಪಿಸಿದವಳು ನಾನು ಎಂದೆ. ಹೋದ ವಾರ ಇಲ್ಲೇ ನಿಂತಿದ್ದೂ ಹೇಳಲಿಲ್ಲ ಎಂದೂ ಹೇಳಿದೆ. ದನಿ ನಡುಗಿತೋ ಇಲ್ಲವೋ ನೆನಪಿಲ್ಲ. ನಡುಗಿತು ಎಂದು ಚಿಕ್ಕಮ್ಮ ಹೇಳುತ್ತಾರೆ.

"ನೀನು ಚಿಕ್ಕೋಳು, ಏನೋ ಏಳಿರ್ತೀಯ," ಎಂದರು ಚಿಕ್ಕಪ್ಪ. ನನಗಾಗ ನಲವತ್ತೆಂಟು. "ಕೇಳ್ದೋನ್ಗೆ ಬುದ್ದಿ ಬ್ಯಾಡ್ವಾ?"

"ಅಲ್ಲ ಕಣಪ್ಪಾ," ಎಂದು ಒಂದು ಮುದುಕಿ ಹಿಂದಿನಿಂದ ದನಿ ತೆಗೆದರು. "ತಪ್ಪು ಏಳಕ್ಕೆ ಕಾಲೇಜ್ನೋರೇ ಬೇಕಿತ್ತಾ? ನಮ್ಮನ್ ಕೇಳಿದ್ರೆ ನಾವೂ ಏಳ್ತಿರ್ಲಿಲ್ವಾ?"

ಈ ಸಲ ಎಲ್ಲರೂ ನಕ್ಕರು. ಬೋರ್‌ವೆಲ್ಲಿನವನು, "ಇಸ್ಟರಿ ಮೇಡಮ್ಮು ಇಸ್ಟರೀಲೇ ಫೇಲು," ಎಂದ. ಚಿಕ್ಕಪ್ಪ ನಗಲಿಲ್ಲ. ನನಗೆ ಆ ನಗು ಬೈಗುಳಕ್ಕಿಂತ ಹಗುರವಾಗಿ ಕಂಡಿತು.

ನೀರುಗಂಟಿ ನಗು ನಿಲ್ಲುವವರೆಗೆ ಕಾದರು. ಅವರು ನನಗೆ ಕೈ ಮುಗಿಯಬಹುದು ಎಂದು ಒಳಗೊಳಗೇ ನಿರೀಕ್ಷಿಸಿದ್ದೆನೇನೋ. ಅವರು ನನ್ನತ್ತ ನೋಡಲೂ ಇಲ್ಲ.

"ಅವ್ವ ಏಳಿದ್ದು ದಿಟ," ಎಂದರು. "ನಾ ಕೇಳಿದ್ದೂ ದಿಟ. ನಮ್ಮಪ್ಪನ್ ಮಾತು ಕಿವೀಲೇ ಇತ್ತು. ಇಬ್ರದ್ರಲ್ಲಿ ಯಾರ್ದು ಸರಿ ಅಂತ ನಂಗೊತ್ತಿರ್ಲಿಲ್ಲ. ಗೊತ್ತಿಲ್ದೇ ಇದ್ಮ್ಯಾಲೆ ಎಲ್ಡೂ ಕಡೀಕೂ ಕಡ್ಡಿ ನೆಡ್ಬೇಕಿತ್ತು. ಒಸಿ ಮಣ್ಣು ಕಮ್ಮಿ ಸಿಗೋದು, ಇನ್ನೇನು. ನೆಡ್ಲಿಲ್ಲ. ಅದು ನನ್ ತಪ್ಪು."

ಇನ್ನೂ ನಾಲ್ಕು ಕಡ್ಡಿ. ಅಷ್ಟು ಸುಲಭದ ವಿಷಯ ಆ ವಾರವೆಲ್ಲ ನನಗೆ ಹೊಳೆದಿರಲಿಲ್ಲ. ಎಡವೋ ಬಲವೋ ಎಂದೇ ಯೋಚಿಸುತ್ತಿದ್ದೆ.

ಹ್ಯಾಂಡಲಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಅದನ್ನು ಕೊಡಿ ಎಂದೂ ಕೇಳಲಿಲ್ಲ, ತಗೊಳ್ಳಿ ಎಂದೂ ಹೇಳಲಿಲ್ಲ. ಗುಂಡಿ ಮುಚ್ಚಲು ಚಪ್ಪಡಿ ಎಲ್ಲಿಂದ ತರಿಸುವುದು ಎನ್ನುವ ಮಾತು ಶುರುವಾಯಿತು. ಹೊರಡುವಾಗ ನೀರುಗಂಟಿ ಬಗ್ಗಿ ಅದನ್ನು ಹೆಗಲಿಗೆ ಏರಿಸಿಕೊಂಡರು. ಚಿಕ್ಕಪ್ಪ ಅವತ್ತು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಅವರ ನಾಟಿ ಆ ವರ್ಷ ಒಣಗಿತು. ಈಗಲೂ ಆ ಮನೆಯಿಂದ ಫೋನ್ ಬರುವುದು ಚಿಕ್ಕಮ್ಮನದೇ.

ಬೇಸಿಗೆಯಲ್ಲಿ ಗುಂಡಿ ಮುಚ್ಚಿದರು. ಒಳಗೆ ದಿಂಡುಗಲ್ಲು ತುಂಬಿ, ಮೇಲೆ ಚಪ್ಪಡಿ ಹಾಸಿ, ಜೇಡಿ ಹಾಕಿದರು. ತುಳಿಸಲು ಊರಲ್ಲಿ ಎಮ್ಮೆ ಸಾಲಲಿಲ್ಲ. ಸಿಕ್ಕಿದ ನಾಲ್ಕರಿಂದ ಶಾಸ್ತ್ರಕ್ಕೆ ತುಳಿಸಿ, ಮಿಕ್ಕದ್ದನ್ನು ಟ್ರ್ಯಾಕ್ಟರ್ ಓಡಿಸಿ ಗಟ್ಟಿ ಮಾಡಿದರು. ಕೆಲಸ ಮುಗಿಯುವ ದಿನ ನೀರುಗಂಟಿ ತಮ್ಮ ಸೊಸೆಯಿಂದ ಫೋನ್ ಮಾಡಿಸಿದರು. ಆ ಪುಸ್ತಕ ತರಬೇಕಂತೆ ಎಂದಳು. ಡೈರಿ ತೆಗೆದುಕೊಂಡು ಹೋದೆ.

ತೂಬಿನ ಕಲ್ಲಿನಿಂದ ಒಂದು ಹಗ್ಗ ಎಳೆದುಕೊಂಡು ಅವರು ಕೆರೆಯಂಗಳದಲ್ಲಿ ನಡೆದರು. ಎರಡೂ ಕೈ ಚಾಚಿ ಒಂದು ಮಾರು, ಎರಡು ಮಾರು ಎಂದು ಹಗ್ಗವನ್ನು ಅಳೆದು, ನನ್ನಿಂದ ಬರೆಸಿದರು. ಬಂಡೆಯ ಬಾಲದಿಂದ ಎಷ್ಟು, ಹೊಂಗೆ ಮರದಿಂದ ಎಷ್ಟು. ನಾನು 'ಬಂಡೆಯ ಬಲಕ್ಕೆ' ಎಂದು ಬರೆಯಲು ಹೋದಾಗ, ಏನು ಬರೆದೆ ಓದು ಎಂದರು. ಓದಿದೆ.

"ಬಲಾನೂ ಬ್ಯಾಡ ಎಡಾನೂ ಬ್ಯಾಡ. ಮೂಡ್ಕೆ ಅಂತ ಬರ್ಕ."

ಹೊಡೆದು ಹಾಕಿ, ಎಮ್ಮೆಬಂಡೆಯ ಮೂಡಕ್ಕೆ ಎಂದು ಬರೆದೆ. ಮುಗಿಯಿತು ಎಂದುಕೊಂಡು ಏರಿಯ ಕಡೆ ಹೊರಟರೆ ಅವರು ಬಿಡಲಿಲ್ಲ. ಬಿಸಿಲಲ್ಲಿ ಕೆರೆಯಂಗಳ ದಾಟಿಸಿ ಬಡಗಣ ದಡಕ್ಕೆ ಕರೆದುಕೊಂಡು ಹೋಗಿ, ಹೊಂಗೆ ಮರದ ಕೆಳಗೆ ಕೂರಿಸಿದರು. ಬಂಡೆಯ ಹಿಂದೆ ಗುಡಿ ಕಾಣುತ್ತಿತ್ತು.

"ಈಗ ಇಲ್ಲಿಂದ ಓದು," ಎಂದರು. "ಸರಿ ಐತಾ ನೋಡವ್ವಾ."

ಓದಿದೆ. ಸರಿಯಾಗಿತ್ತು.